ನನ್ನ ಹೆಸರಿನ ಜಾಗದಲ್ಲಿ ‘ಮನೆ’

ನಾನು ದೆವ್ವಕ್ಕೆ ಹೆದರುವವಳಲ್ಲ. ನನ್ನ ಗಂಡನ ಗೊರಕೆಗೇ ಊರಿನ ದೆವ್ವಗಳೆಲ್ಲ ಗಂಟುಮೂಟೆ ಕಟ್ಟಿದ್ದವು. ಅವರು ತೀರಿಹೋಗಿ ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಮಗಳು ಅವರ ಹಳೇ ಕಂಪ್ಯೂಟರಿನ ಮೇಲ್, ನಂಬರುಗಳನ್ನೆಲ್ಲ ಹೊಸದಕ್ಕೆ ಹಾಕುತ್ತಿದ್ದಳು.

“ಅಮ್ಮಾ, ಅಪ್ಪ ನಿನ್ನ ನಂಬರಿಗೆ ‘ಮನೆ’ ಅಂತ ಹಾಕಿದಾರೆ ನೋಡು.”

“ಮನೆಯಂತೆ! ನಾನೇನು ಗೋಡೆನಾ? ನನ್ನ ಹೆಸರು ಹಾಕೇ.”

ಹಾಕಿದಳು. ನಾವು ನೋಡುತ್ತಿದ್ದಂತೆಯೇ ಅದು ಮತ್ತೆ ‘ಮನೆ’ ಆಯಿತು. ಇನ್ನೊಮ್ಮೆ ಹಾಕಿದಳು, ಮತ್ತೆ ‘ಮನೆ’. ವೈರು ಸುತ್ತಿ ಮೂಲೆಗಿಟ್ಟಿದ್ದ ಹಳೇ ಕೀಬೋರ್ಡು ಟಕ್, ಟಕ್ ಎನ್ನುತ್ತಿತ್ತು. ಅವರು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದದ್ದು ಹಾಗೆಯೇ.

ಮಗಳು ಬಿಳಿಚಿಕೊಂಡಳು. “ಬಿಡಮ್ಮಾ, ‘ಮನೆ’ ಅಂತಾನೇ ಇರಲಿ.”

“ನೀನು ಆಚೆ ಸರಿಯೇ!” ಎಂದೆ.

ಅವರ ಕುರ್ಚಿಯಲ್ಲಿ ವರ್ಷದಿಂದ ಯಾರೂ ಕೂತಿರಲಿಲ್ಲ; ಮಗಳೂ ಸ್ಟೂಲಿನ ಮೇಲಿದ್ದಳು. ನಾನು ಹೋಗಿ ಕೂತೆ. ಆಗತಾನೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.

“ರೀ, ಇದ್ದಷ್ಟು ದಿನ ‘ಲೇ, ಇವಳೇ’ ಅಂದ್ರಿ, ಸಹಿಸಿಕೊಂಡೆ. ಇನ್ನು ಆಗಲ್ಲ. ತೆಗೀರಿ ಕೈ!”

ಒಂದೊಂದೇ ಅಕ್ಷರ ಹುಡುಕಿ ನನ್ನ ಹೆಸರು ಒತ್ತಿದೆ. ಅದೇ ಪಟ್ಟಿಯಲ್ಲಿದ್ದ ಅವರ ಹೆಸರು ಅಳಿಸಿ ‘ಗೊರಕೆ’ ಎಂದು ಹಾಕಿದೆ. ಟಕ್ ಟಕ್ ನಿಂತಿತು.

ನನ್ನ ಹೆಸರು ಇವತ್ತಿಗೂ ಹಾಗೇ ಇದೆ. ಆ ಕುರ್ಚಿ ಮಾತ್ರ ನಾನು ಯಾವಾಗ ಹೋದರೂ ಬೆಚ್ಚಗೇ ಇರುತ್ತದೆ. ನಾನೂ ಬಿಡುವುದಿಲ್ಲ, ಅಲ್ಲೇ ಕೂರುತ್ತೇನೆ.