ಅವನು ಮುಟ್ಟದ ಬಟ್ಟಲು

"ಅಯ್ಯೋ... ನಿಲ್ಸಿ! ನೀರು ಹಾಕ್ಬೇಡಿ!"

ಸುಮನಾಳ ಕೈ ಗಕ್ಕನೆ ನಿಂತಿತು. ಕುದಿನೀರಿನ ಪಾತ್ರೆ ಓಲಾಡಿ ನಾಲ್ಕು ಹನಿ ಅವಳ ಬೆರಳ ಮೇಲೆ ಬಿದ್ದವು.

ಹಿತ್ತಿಲ ಬಾಗಿಲಲ್ಲಿ ಕೈಕಾಲು ತೊಳೆದು, ಒದ್ದೆ ಕೈಯಲ್ಲೇ ನಿಂತಿದ್ದವನು ಬೇರೆ ಯಾರೂ ಅಲ್ಲ. ಅವಳನ್ನು ನೋಡಲು ಭದ್ರಾವತಿಯಿಂದ ಬಂದ ಗಂಡು, ವಿಜಯಕುಮಾರ್! ಆರು ಗಂಟೆಗೆ ಬರಬೇಕಾದವರು, ಭಾನುವಾರದ ರಾಹುಕಾಲ ತಪ್ಪಿಸಲು ಮೂರು ಗಂಟೆಗೇ ಸವಳಂಗ ರಸ್ತೆಯ ಈ ಮನೆಗೆ ಬಂದಿಳಿದಿದ್ದರು.

"ಹಿಟ್ಟಿನ ಮೇಲೆ ಬಿಸಿನೀರು ಸುರೀತಿದೀರಲ್ಲ, ಕೇಕ್ ಹಾಳಾಗಲ್ವಾ?"

"ಇದನ್ನ ಮಾಡೋದೇ ಹೀಗೆ," ಎಂದು ಸಿಡುಕಿದಳು. ಮೈದಾ, ಸಕ್ಕರೆ, ಹಾಲು, ಎಣ್ಣೆ, ಬೇಕಿಂಗ್ ಪೌಡರ್, ಕೋಕೋ ಕಲಸಿದ ಹಿಟ್ಟಿನ ಮೇಲೆ ಮತ್ತಷ್ಟು ಸಕ್ಕರೆ, ಕೋಕೋ ಉದುರಿಸಿಯಾಗಿತ್ತು. ಹಠಕ್ಕೆ ಬಿದ್ದವಳಂತೆ ಉಳಿದ ನೀರನ್ನೂ ಹುಯ್ದಳು. ಪಾತ್ರೆಯ ತುಂಬ ಕೆಸರು ನೀರು ನಿಂತ ಹಾಗಾಯಿತು.

ಅವನು ಗಾಬರಿಯಿಂದ ಚಮಚಕ್ಕೆ ಕೈ ಹಾಕಿದ. ಅವಳು ಫಟ್ಟನೆ ಅವನ ಮಣಿಕಟ್ಟು ಹಿಡಿದಳು.

"ಕಲಸ್ಬೇಡಿ ಮಾರಾಯ್ರೇ! ನೀರು ತಾನಾಗೇ ಕೆಳಗಿಳಿದು ಚಾಕೊಲೇಟ್ ರಸ ಆಗುತ್ತೆ, ಕೇಕ್ ಮೇಲೆ ಬರುತ್ತೆ. ನಲವತ್ತು ನಿಮಿಷ ನಂಬಿ ಸುಮ್ನಿರ್ಬೇಕು, ಅಷ್ಟೆ."

"ಅಷ್ಟು ಹೊತ್ತು ನಂಬೋದು ಕಷ್ಟ ರೀ," ಎಂದು ಅವನು ನಕ್ಕ.

ಆ ನಗುವಿಗೆ ಅವಳ ಕೋಪ ಎಲ್ಲಿ ಹೋಯಿತೋ! ಹಿಡಿದ ಮಣಿಕಟ್ಟು ಬಿಡುವುದನ್ನೂ ಮರೆತಳು. ಎರಡೇ ನಿಮಿಷದ ಹಿಂದೆ ಇಲ್ಲೇ ನಿಂತು ಅಮ್ಮನ ಮೇಲೆ ಕೂಗಾಡಿದ್ದೂ ಮರೆತುಹೋಗಿತ್ತು. "ಟ್ರೇ ಹಿಡ್ಕೊಂಡು ನಿಲ್ಲಕ್ಕೆ ನಾನೇನು ಶೋಕೇಸ್ ಗೊಂಬೆನಾ? ನನಗೆ ಈ ಸಂಬಂಧ ಬೇಡವೇ ಬೇಡ!" ಅಂದಿದ್ದಳು.

ಹಿತ್ತಿಲ ಬಾಗಿಲು ಆಗಲೂ ತೆರೆದೇ ಇತ್ತು.

ನಲವತ್ತು ನಿಮಿಷ ಕಳೆದು ಕೇಕಿನ ಬಿಸಿ ಬಿಸಿ ಬಟ್ಟಲುಗಳು ನಡುಮನೆಗೆ ಬಂದವು.

"ಮೊಟ್ಟೆ ಹಾಕಿಲ್ಲ ತಾನೇ?" ಹುಡುಗನ ತಾಯಿ ಮಹಾಂತಮ್ಮ ಮೊದಲು ಕೇಳಿದ್ದೇ ಅದು. ಇಲ್ಲವೆಂದಾಗ ಸುಮನಾಳ ತಂದೆಯ ಕಡೆ ತಿರುಗಿದರು. "ನಮ್ಮ ಮನೇಲಿ ಒಂದು ಪದ್ಧತಿ ಇದೆ ಓಂಕಾರಪ್ಪೋರೆ. ಹುಡುಗ ಹೆಣ್ಣಿನ ಮನೆ ಸಿಹಿ ಬಾಯಿಗಿಟ್ಟ ಅಂದ್ರೆ ಒಪ್ಪಿದ ಹಾಗೆ. ಆಮೇಲೆ ಮಾತಿಲ್ಲ."

ಹುಡುಗಿ ಒಪ್ಪಿದಳೋ ಇಲ್ಲವೋ ತಿಳಿಯಲು ಆ ಪದ್ಧತಿಯಲ್ಲಿ ಏನೂ ಇರಲಿಲ್ಲ ಬಿಡಿ.

ಎಲ್ಲರ ಕಣ್ಣೂ ಅವನ ಚಮಚದ ಮೇಲೆ. ಅವನು ಚಮಚ ಎತ್ತಿದ. ಒಮ್ಮೆ ಸುಮನಾಳನ್ನು ನೋಡಿದ. ಅವಳು ನಾಚಿ ತಲೆ ತಗ್ಗಿಸಿದಳು.

*ತಿನ್ನಿ... ತಿಂದುಬಿಡಿ...*

ಟಣ್ ಎಂದು ಚಮಚ ಬಟ್ಟಲಿಗೆ ವಾಪಸ್ ಬಿತ್ತು.

"ಕ್ಷಮಿಸಿ. ನಾನು... ತಿನ್ನಲ್ಲ."

ಅಪ್ಪನ ಮುಖ ಸಪ್ಪಗಾಯಿತು. ಗಂಡಿನ ಕಡೆಯವರು ಹೊರಟ ಮೇಲೆ ಸುಮನಾ ಆ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹದಿಮೂರು ದಿನ! ನನ್ನಲ್ಲೇನು ಕಮ್ಮಿ? ಅದೇ ಪ್ರಶ್ನೆ, ಅದೇ ಕನ್ನಡಿ, ಅದೇ ಕಣ್ಣೀರು.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಕೋಟೆಯ ಹತ್ತಿರ ತಾನು ಕೆಲಸ ಮಾಡುವ ಕಣ್ಣಿನ ಕ್ಲಿನಿಕ್ಕಿನಿಂದ ಹೊರಬರುವಾಗ ಫೋನ್ ಬಂತು.

"ಅಕ್ಕ, ನಾನು ಇಂಪನಾ, ವಿಜಯಕುಮಾರ್ ತಂಗಿ. ಕಟ್ ಮಾಡ್ಬೇಡಿ! ಆ ಚಾಕೊಲೇಟ್ ಕೇಕಿಗೆ ನೀರು ಎಷ್ಟು? ಅಣ್ಣ ಐದು ಸಲ ಮಾಡಿದ, ಐದು ಸಲಾನೂ ಅಂಬಲಿ ಆಯ್ತು."

"ನಿಮ್ಮಣ್ಣ ಮಾಡಿದ್ರಾ? ಒಂದು ಚಮಚನೂ ತಿನ್ಲಿಲ್ಲ ಅವರು!"

"ಅವತ್ತು ನೀವು ಸಂಬಂಧ ಬೇಡ ಅಂದಿದ್ದು ಹಿತ್ತಿಲ ಬಾಗಿಲ ಹತ್ರ ಅವನಿಗೆ ಕೇಳಿಸ್ತಂತೆ ಅಕ್ಕ. ಅವನು ತಿಂದಿದ್ರೆ ದೊಡ್ಡೋರು ಅಲ್ಲೇ ಗಟ್ಟಿ ಮಾಡ್ತಿದ್ರು. ಅವಳಿಗೆ ಇಷ್ಟ ಇಲ್ದೇ ನಾನು ಹೆಂಗೆ ತಿನ್ಲಿ ಅಂದ. ಇವತ್ತು ಐದು ಗಂಟೆಗೆ ತರೀಕೆರೆಗೆ ಬೇರೆ ಹುಡುಗಿ ನೋಡಕ್ಕೆ ಹೊರಟಿದೀವಿ. ಈ ಸಲ ತಿಂತೀನಿ ಅಂತ ಅಮ್ಮಂಗೆ ಮಾತು ಕೊಟ್ಬಿಟ್ಟಿದಾನೆ..."

ಸುಮನಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಮನೆಗೆ ಹೋಗಬೇಕಿದ್ದವಳು ಭದ್ರಾವತಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗಡಿಯಾರ ನೋಡಿದ್ದೇ ನೋಡಿದ್ದು.

ನ್ಯೂ ಟೌನ್ ಕ್ವಾರ್ಟರ್ಸ್ ಮುಟ್ಟುವಾಗ ನಾಲ್ಕೂಕಾಲು. ವಿಜಯಕುಮಾರ್ ಮನೆ ಮುಂದೆ ಕಾರು ಸಿದ್ಧವಾಗಿ ನಿಂತಿತ್ತು. ಮಹಾಂತಮ್ಮ ರೇಷ್ಮೆ ಸೀರೆ ಉಟ್ಟು ಹೂವು ಮುಡಿಯುತ್ತಿದ್ದರು.

"ಅಮ್ಮಾ, ಮುಕ್ಕಾಲು ಗಂಟೆ ನಿಮ್ಮ ಅಡುಗೆಮನೆ ಕೊಡಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ."

ಮಹಾಂತಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಐದಕ್ಕೆ ಹೊರಡ್ಲೇಬೇಕಮ್ಮ. ಅವರಿಗೆ ಹೇಳಿಯಾಗಿದೆ."

ಕಪಾಟಿನಲ್ಲಿ ಮೈದಾ ಇತ್ತು, ಸಕ್ಕರೆ ಇತ್ತು. ಕೋಕೋ ಡಬ್ಬಿ ಮಾತ್ರ ತಳ ಕಂಡಿತ್ತು, ಒಂದೇ ಸಲಕ್ಕೆ ಆಗುವಷ್ಟು ಉಳಿದಿತ್ತು. ಸುಮನಾ ಕುಕ್ಕರಿನ ವಿಷಲ್, ಗ್ಯಾಸ್ಕೆಟ್ ತೆಗೆದು ತಳಕ್ಕೆ ಉಪ್ಪು ಹರಡಿದಳು. ಹಿಟ್ಟು ಕಲಸಿ, ಬಿಸಿನೀರು ಹುಯ್ದು, ಪಾತ್ರೆಯನ್ನು ಒಳಗಿಟ್ಟು ಮುಚ್ಚಿದಳು. ಹಿಂದಿರುಗಿ ನೋಡಿದರೆ ಹೊಸ ಅಂಗಿಯಲ್ಲಿ ಅವನು ನಿಂತಿದ್ದ.

"ನೀವೇ ಬೇಡ ಅಂದ್ರಲ್ಲ..."

"ಅಂದೆ! ನಿಮ್ಮ ಮುಖ ನೋಡೋಕೆ ಮುಂಚೆ ಅಂದೆ! ಒಂದು ಮಾತು ಕೇಳಕ್ಕೆ ಆಗ್ಲಿಲ್ವಾ ನಿಮಗೆ?"

"ಎಲ್ಲರ ಮುಂದೆ ಕೇಳಿದ್ರೆ ನಿಜ ಹೇಳ್ತಿದ್ರಾ? ಬಲವಂತಕ್ಕೆ ಹೂಂ ಅನ್ನಿಸ್ಬಿಡ್ತಿದ್ರು."

ಅವಳು ಒಲೆಯ ಉರಿ ಸಣ್ಣ ಮಾಡಿದಳು.

"ಹದಿಮೂರು ದಿನ ಅತ್ತಿದೀನಿ ನಾನು," ಎಂದಳು ಸಣ್ಣಗೆ.

"ನಾನು ಐದು ಸಲ ಕೆಡಿಸಿದೀನಿ. ಅರ್ಧ ಗಂಟೆಗೇ ಮುಚ್ಚಳ ತೆಗ್ದು ಕಲಸ್ಬಿಡ್ತಿದ್ದೆ. ನೀರು ಇಳಿಯುತ್ತೆ ಅಂತ ನಂಬಿಕೆನೇ ಬರ್ತಿರ್ಲಿಲ್ಲ ಸುಮನಾ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು! ಅವಳು ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಐದಕ್ಕೆ ಐದು ನಿಮಿಷ. ಹೊರಗೆ ಕಾರಿನ ಹಾರ್ನ್.

"ವಿಜಯ, ಹೊರಡಪ್ಪ!"

ಅವನ ಕೈ ಕುಕ್ಕರಿನ ಮುಚ್ಚಳದತ್ತ ಹೋಯಿತು. ಸುಮನಾ ಈ ಸಲ ತಡೆಯಲಿಲ್ಲ. ಸುಮ್ಮನೆ ನೋಡಿದಳು. ಹೋಗುವವನನ್ನು ಹಿಡಿದು ನಿಲ್ಲಿಸಲು ಅವಳಿಗೆ ಇಷ್ಟವಿರಲಿಲ್ಲ.

ಮತ್ತೊಂದು ಹಾರ್ನ್.

ಅವನು ಕೈ ಹಿಂದೆ ತೆಗೆದುಕೊಂಡ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

"ಈ ಸಲ ಕಾಯ್ತೀನಿ ಅಮ್ಮ. ಆಗೋ ತನಕ."

ಮುಚ್ಚಳ ತೆಗೆದಾಗ ಐದು ದಾಟಿತ್ತು. ಉಬ್ಬಿ ಬಿರುಕು ಬಿಟ್ಟ ಕೇಕಿಗೆ ಚಮಚ ಇಳಿಸಿದೊಡನೆ, ಕೆಳಗಿನಿಂದ ಕಪ್ಪು ಕಂದು ರಸ ಬುಳಬುಳನೆ ಮೇಲೆದ್ದಿತು. ಬಾಗಿಲಲ್ಲಿ ಮಹಾಂತಮ್ಮ, ಅವರ ಬೆನ್ನಿಗೆ ಇಂಪನಾ. ಅವನು ಬಟ್ಟಲಿಗೆ ಕೈ ಚಾಚಿದ.

"ತಡೀರಿ."

ಸುಮನಾ ಮೊದಲ ಚಮಚವನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದಳು.

"ಅಮ್ಮಾ, ನಿಮ್ಮ ಮನೆ ಸಿಹಿ ನಾನೂ ತಿಂದೆ. ಯಾರ ಬಲವಂತಾನೂ ಇಲ್ಲ. ನಾನು ಒಪ್ಪಿದೀನಿ."

ಮಹಾಂತಮ್ಮ ಮಗಳ ಕಡೆ ತಿರುಗಿದರು. "ಕಾರು ವಾಪಸ್ ಕಳ್ಸು. ತರೀಕೆರೆಯವರಿಗೆ ನಾನೇ ಫೋನ್ ಮಾಡ್ತೀನಿ. ತಪ್ಪಾಯ್ತು ಅಂತ ಕೇಳ್ಕೊಳ್ಳೋದು ನನ್ನ ಹಣೇಬರಹ!" ಹೋಗುತ್ತ ಹೋಗುತ್ತ, "ನನಗೂ ಒಂದು ಬಟ್ಟಲು ತೆಗ್ದಿಡಮ್ಮ," ಎಂದರು.

ವಿಜಯಕುಮಾರ್ ಅದೇ ಚಮಚದಲ್ಲಿ ತಿಂದ. ಕಣ್ಣು ಮುಚ್ಚಿಕೊಂಡು ತಿಂದ.

"ಹೇಗಿದೆ ರೀ?"

"ಮೊದ್ಲು ಹೇಳಿ, ಅವತ್ತು ನಾನು ಮುಟ್ಟದೇ ಬಿಟ್ಟ ಬಟ್ಟಲು ಏನ್ಮಾಡಿದ್ರಿ? ಚೆಲ್ಲಿದ್ರಾ?"

ಅವಳು ಸೆರಗಿಲ್ಲದ್ದಕ್ಕೆ ಚೂಡಿದಾರದ ವೇಲನ್ನೇ ಬೆರಳಿಗೆ ಸುತ್ತಿಕೊಂಡಳು.

"ಇಲ್ಲ... ಬಾಗಿಲು ಹಾಕ್ಕೊಂಡು ನಾನೇ ತಿಂದೆ. ಅಳ್ತಾ."

"ಅಂದ್ರೆ ನನ್ನ ಬಟ್ಟಲಿನ ಸಿಹಿ ಅವತ್ತೇ ತಿಂದಿದೀರಿ. ಅವತ್ತೇ ಒಪ್ಪಿದ್ರಿ ಅನ್ನಿ!"

"ಹೂಂ," ಎಂದಳು ಸುಮನಾ. "ತಣ್ಣಗಾಗುತ್ತೆ... ತಿನ್ನಿ."