ಒಂದು ಡಿಸ್ಕ್, ಒಂದೇ ಮನೆ

"ಸಿನಿಮಾ ಬರುತ್ತೆ, ಹಾಡು ಬರುತ್ತೆ, ಮ್ಯಾಚ್ ಲೈವ್ ಬರುತ್ತೆ. ರಿಮೋಟ್ ಹುಡುಕೋದೂ ಬೇಡ, ಬಾಯಲ್ಲಿ ಹೇಳಿದ್ರೆ ಸಾಕು," ಎಂದು ವಕೀಲ ಬೆಂಚಿನ ಮೇಲೆ ನಿಂತು ಹೇಳುತ್ತಿದ್ದ.

ವಕೀಲ ಎಂದರೆ ಕೋರ್ಟಿನ ವಕೀಲನಲ್ಲ, ಐದನೇ ತರಗತಿಯ ಹುಡುಗ. ಯಾವ ವಿಷಯ ಬಂದರೂ ಎರಡೂ ಕಡೆಯಿಂದ ವಾದ ಮಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ಅವನ ವಾದ ಗುಂಗುರು ಮನೆಗೆ ಬಂದ ಹೊಸ ಗೇಮ್ ಕನ್ಸೋಲ್ ಪರವಾಗಿ ನಡೆದಿತ್ತು. ಗುಂಗುರು ಕೂದಲಿನ ಆ ಹುಡುಗಿ ಪಕ್ಕದಲ್ಲೇ ಕೂತು, ಊಟದ ಡಬ್ಬಿಯನ್ನೂ ತೆರೆಯದೆ ನಗುತ್ತಿದ್ದಳು. ಕನ್ಸೋಲ್ ಅವಳ ಅಮ್ಮನಿಗೆ ಆಫೀಸಿನಲ್ಲಿ ಬಹುಮಾನವಾಗಿ ಸಿಕ್ಕಿದ್ದು. ಅವಳ ಸುತ್ತ ಅರ್ಧ ಕ್ಲಾಸು ಮುತ್ತಿಕೊಂಡಿತ್ತು.

"ಸಿನಿಮಾ ನೋಡೋಕೆ ಟೀವಿ ಇಲ್ವಾ?" ಎಂದಳು ಆಚೆ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ, ಎಲ್ಲರೂ ಮಿಡತೆ ಎಂದು ಕರೆಯುವ ಹುಡುಗಿ. "ಅದು ಆಟ ಆಡೋ ಡಬ್ಬನಾ, ಇಲ್ಲಾ ಟೀವಿಗೆ ಇನ್ನೊಂದು ಟೀವಿನಾ?"

ಕೆಲವರು ನಕ್ಕರು. ಆದರೆ ಯಾರೂ ಎದ್ದು ಅವಳ ಕಡೆಗೆ ಬರಲಿಲ್ಲ.

ಹೋದ ವಾರದವರೆಗೆ ಹೀಗಿರಲಿಲ್ಲ. ಗೇಮ್ ಎಂದರೆ ಮಿಡತೆ, ಮಿಡತೆ ಎಂದರೆ ಗೇಮ್. ಅವಳ ಅಮ್ಮನದು ಟೀವಿ, ಕನ್ಸೋಲ್ ರಿಪೇರಿ ಅಂಗಡಿ. ಅಲ್ಲಿ ಒಂದು ಗೋಡೆಯ ತುಂಬ ಹಳೆಯ ಡಿಸ್ಕ್‌ಗಳು. ಆಡಿ ಮುಗಿಸಿದ್ದನ್ನು ತಂದುಕೊಟ್ಟು ಬೇರೆಯದನ್ನು ಒಯ್ಯಬಹುದಿತ್ತು. ಯಾವ ಡಿಸ್ಕ್‌ಗೆ ಗೀರು ಬಿದ್ದಿದೆ, ಯಾವುದು ಮೂರನೇ ಲೆವೆಲ್‌ನಲ್ಲಿ ನಿಂತುಬಿಡುತ್ತದೆ, ಎಲ್ಲ ಮಿಡತೆಗೆ ಬಾಯಿಪಾಠ. ಊಟದ ಬಿಡುವಿನಲ್ಲಿ ಸುತ್ತ ಮುತ್ತಿಕೊಳ್ಳುತ್ತಿದ್ದದ್ದು ಅವಳನ್ನೇ. ಆಗ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದವಳು ಗುಂಗುರು.

ಮಿಡತೆ ಎದ್ದು ನಿಂತು, ಅಮ್ಮನಿಂದ ಕೇಳಿ ತಿಳಿದಿದ್ದ ದೊಡ್ಡ ಸುದ್ದಿಯನ್ನು ಹೊರಗೆ ತೆಗೆದಳು.

"ಆ ಕನ್ಸೋಲ್‌ನಲ್ಲಿ ಒಂದು ಡಿಸ್ಕ್‌ಗೆ ಒಂದೇ ಮನೆ. ಗೊತ್ತಾ ನಿಮಗೆ?"

ಯಾರಿಗೂ ಗೊತ್ತಿರಲಿಲ್ಲ. ಮಿಡತೆ ನಿಧಾನವಾಗಿ ವಿವರಿಸಿದಳು. ಹೊಸ ಡಿಸ್ಕನ್ನು ಮೊದಲು ಯಾವ ಕನ್ಸೋಲ್‌ಗೆ ಹಾಕುತ್ತೀರೋ ಅದರ ಹೆಸರಿಗೇ ಅದು ಸೇರಿಹೋಗುತ್ತದೆ. ಆಮೇಲೆ ಬೇರೆ ಮನೆಯಲ್ಲಿ ಹಾಕಿದರೆ ಆಡಲು ಬಿಡುವುದೇ ಇಲ್ಲ. ಸಾಲ ಕೊಡುವಂತಿಲ್ಲ, ಬದಲಾಯಿಸಿಕೊಳ್ಳುವಂತಿಲ್ಲ, ಆಡಿ ಬೇಜಾರಾದರೆ ಮಾರುವಂತೆಯೂ ಇಲ್ಲ.

ವಕೀಲ ಬೆಂಚಿನಿಂದ ಇಳಿದ. ಒಂದು ನಿಮಿಷ ಯೋಚಿಸಿ, ಹಾಗಿದ್ದರೆ ಇದು ದೊಡ್ಡ ಮೋಸ, ನಾವು ಕೊಂಡ ಡಿಸ್ಕ್ ನಮ್ಮದಲ್ಲವೇ ಎಂದು ಇನ್ನೊಂದು ಕಡೆಯಿಂದ ಶುರು ಮಾಡಿದ. ಎಲ್ಲರೂ ಹೌದು ಹೌದು ಎಂದರು. ಮಿಡತೆಗೆ ಗೆದ್ದಂತಾಯಿತು.

ಅಷ್ಟರಲ್ಲಿ ಗುಂಗುರು, "ಡಿಸ್ಕ್ ಯಾಕೆ ಕೊಡಬೇಕು? ನೀವೇ ನಮ್ಮನೆಗೆ ಬನ್ನಿ," ಎಂದುಬಿಟ್ಟಳು. "ಶನಿವಾರ ನನ್ನ ಬರ್ತ್‌ಡೇ. ಚಿಕ್ಕಪ್ಪ 'ನೀರೊಳಗಿನ ಊರು' ಗೇಮ್ ತರ್ತಾರೆ. ಎಲ್ಲರೂ ಒಟ್ಟಿಗೆ ಮೊದಲ್ನೇ ಸಲ ನೋಡೋಣ."

ಅರ್ಧ ಕ್ಲಾಸಿನ ಜಾಗದಲ್ಲಿ ಈಗ ಇಡೀ ಕ್ಲಾಸು ಅವಳನ್ನು ಮುತ್ತಿಕೊಂಡಿತು. ಮಿಡತೆ ಒಬ್ಬಳೇ ಹೋಗಿ ನಲ್ಲಿಯ ಹತ್ತಿರ ಡಬ್ಬಿ ತೊಳೆದಳು.

ಶುಕ್ರವಾರ ಸಂಜೆ ಗುಂಗುರು ಅಂಗಡಿಗೆ ಬಂದಳು. ಚಿಕ್ಕಪ್ಪ ಒಂದು ದಿನ ಮೊದಲೇ ಬಂದಿದ್ದರು, ಡಿಸ್ಕ್ ಅವಳ ಕೈಯಲ್ಲಿತ್ತು. ಮೇಲಿನ ಪ್ಲಾಸ್ಟಿಕ್ ಹರಿದು, ಒಳಗಿನ ಪುಟ್ಟ ಪುಸ್ತಕವನ್ನು ಎರಡು ಸಲ ಓದಿಯೂ ಆಗಿತ್ತು. ಕನ್ಸೋಲ್‌ಗೆ ಮಾತ್ರ ಹಾಕಿರಲಿಲ್ಲ. ನಾಳೆ ಎಲ್ಲರ ಜೊತೆಗೇ ಎಂದು ಮಾತು ಕೊಟ್ಟಿದ್ದಳಲ್ಲ. ಈಗ ಡ್ರಾಯಿಂಗ್ ಕ್ಲಾಸಿಗೆ ಹೊರಟಿದ್ದಳು. ಚೀಲದಲ್ಲಿ ಬಣ್ಣದ ಬಾಟಲಿಗಳಿದ್ದವು, ಒಂದರ ಮುಚ್ಚಳ ಸಡಿಲ.

"ನಾನು ಬರೋವರೆಗೂ ಇಟ್ಕೊಂಡಿರೇ, ಚೀಲದಲ್ಲಿ ಬಣ್ಣ ಚೆಲ್ಲಿಬಿಟ್ರೆ ಕಷ್ಟ. ನಿನ್ನ ಹತ್ರ ಇದ್ರೆ ಒಂದು ಗೀರೂ ಬೀಳಲ್ಲ," ಎಂದು ಮಿಡತೆಯ ಕೈಗೆ ಕೊಟ್ಟು ಓಡಿದಳು.

ಅಮ್ಮ ಯಾರದೋ ಮನೆಗೆ ಟೀವಿ ಕೊಟ್ಟುಬರಲು ಹೋಗಿದ್ದರು. ಮೇಜಿನ ಮೇಲೆ ರಿಪೇರಿಗೆ ಬಂದಿದ್ದ ಸಲೂನ್ ಅಂಕಲ್‌ನ ಕನ್ಸೋಲ್ ಇತ್ತು. ಗುಂಗುರು ಮನೆಯದೇ ಮಾದರಿ. ಗಿರಾಕಿಗಳಿಗೆ ಬೇಜಾರಾಗದಿರಲಿ ಎಂದು ಅವರು ಅದನ್ನು ಸಲೂನ್‌ನಲ್ಲಿಟ್ಟಿದ್ದರು. ಕತ್ತರಿಸಿದ ಕೂದಲೆಲ್ಲ ಒಳಗೆ ಸೇರಿ ಫ್ಯಾನ್ ನಿಂತುಹೋಗಿತ್ತು. ಅಮ್ಮ ಬೆಳಿಗ್ಗೆ ಚಿಮ್ಮಟ ಹಿಡಿದು ಒಂದು ಹಿಡಿ ಕೂದಲು ಹೊರಗೆಳೆದಿದ್ದರು. ಈಗ ಅದು ಬಿಸಿಯಾಗದೆ ಓಡುತ್ತದೆಯೇ ಎಂದು ನೋಡಲು ಟೀವಿಗೆ ಜೋಡಿಸಿ, ಆನ್ ಮಾಡಿ ಬಿಟ್ಟಿದ್ದರು.

ಮಿಡತೆ ಡಿಸ್ಕಿನ ಡಬ್ಬಿಯನ್ನು ಮುಚ್ಚಿ ಡ್ರಾಯರಿನಲ್ಲಿಟ್ಟಳು. ಮತ್ತೆ ತೆಗೆದಳು. ಡಬ್ಬಿಯ ಮೇಲೆ ನೀಲಿ ನೀರು, ನೀರಿನೊಳಗೆ ಮನೆಗಳು, ಒಂದು ಕಿಟಕಿಯಲ್ಲಿ ದೀಪ. ನಾಳೆ ಗುಂಗುರು ಸೋಫಾ ಮೇಲೆ ಕೂತು ಆಡುತ್ತಾಳೆ. ಗೇಮ್ ರಾಣಿ ಎನಿಸಿಕೊಂಡಿದ್ದ ತಾನು ಕೆಳಗೆ ನೆಲದ ಮೇಲೆ, ಎಲ್ಲರ ನಡುವೆ ಕತ್ತು ಉದ್ದ ಮಾಡಿಕೊಂಡು ನೋಡಬೇಕು.

ಅವಳು ಡಿಸ್ಕನ್ನು ಸಲೂನ್ ಕನ್ಸೋಲ್‌ಗೆ ಹಾಕಿದಳು.

ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಈ ಕನ್ಸೋಲ್‌ಗೆ ಸೇರಿಸಬೇಕೇ? ಕೆಳಗೆ ಹೌದು, ಬೇಡ. ಮಿಡತೆಗೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ. ಇಡೀ ಕ್ಲಾಸಿಗೆ ಅದನ್ನು ಬಿಡಿಸಿ ಹೇಳಿದವಳೇ ಅವಳು. ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೌದು ಒತ್ತಿತು.

ಅರ್ಧ ಗಂಟೆ ಆಡಿದಳು. ಗುಂಗುರು ವಾಪಸ್ಸು ಬರುವ ಹೊತ್ತಿಗೆ ಡಿಸ್ಕ್ ಡಬ್ಬಿಯೊಳಗಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಶನಿವಾರ ಗುಂಗುರು ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಂಗುರು ಡಿಸ್ಕ್ ಹಾಕಿದಳು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ನೀರೂ ಬರಲಿಲ್ಲ, ಊರೂ ಬರಲಿಲ್ಲ. ಈ ಡಿಸ್ಕ್ ಬೇರೆ ಕನ್ಸೋಲ್‌ಗೆ ಸೇರಿದೆ ಎಂಬ ಸಾಲು ಮಾತ್ರ ಬಂತು.

ಅವಳು ಡಿಸ್ಕ್ ತೆಗೆದು ಫ್ರಾಕಿನ ತುದಿಯಿಂದ ಒರೆಸಿದಳು, ಮತ್ತೆ ಹಾಕಿದಳು. ಅದೇ ಸಾಲು. ಮೂರನೇ ಸಲವೂ ಅದೇ.

"ಮಿಡತೆ ಹೇಳಿದ್ದೇ ಸರಿ," ಎಂದ ವಕೀಲ. "ಯಾರೋ ಆಡಿಬಿಟ್ಟ ಡಿಸ್ಕ್ ಇದು. ನಿಮ್ಮ ಚಿಕ್ಕಪ್ಪ ಸೆಕೆಂಡ್‌ಹ್ಯಾಂಡ್ ತಂದಿದ್ದಾರೆ."

ಹಿಂದಿನಿಂದ ಯಾರೋ ಸೆಕೆಂಡ್‌ಹ್ಯಾಂಡ್ ಬರ್ತ್‌ಡೇ ಎಂದರು. ನಗು ಹಾಲ್ ತುಂಬ ಹರಡಿತು. ಬಾಗಿಲ ಬಳಿ ಜ್ಯೂಸಿನ ಟ್ರೇ ಹಿಡಿದು ನಿಂತಿದ್ದ ಚಿಕ್ಕಪ್ಪನ ಮುಖ ಸಪ್ಪಗಾಯಿತು. ಅಂಗಡಿಯಲ್ಲಿ ಸೀಲ್ ನೋಡಿಯೇ ತಂದಿದ್ದೆ ಎಂದು ಅವರು ಮೆಲ್ಲಗೆ ಹೇಳಿದರು. ಆ ಮಾತು ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

"ನಮ್ಮ ಚಿಕ್ಕಪ್ಪ ಹಾಗೆಲ್ಲ ಮಾಡಲ್ಲ," ಎಂದಳು ಗುಂಗುರು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಎಲ್ಲರೂ ಮಿಡತೆಯ ಸುತ್ತಲೇ ಇದ್ದರು. ಅಂಗಡಿಗೆ ಹೊಸದಾಗಿ ಯಾವ ಡಿಸ್ಕ್ ಬಂದಿದೆ ಎಂದು ಕೇಳಿದರು. ಹಳೆಯ ಕನ್ಸೋಲೇ ವಾಸಿ ಎಂದರು. ಅವಳಿಗೆ ಬೇಕಾಗಿದ್ದದ್ದು ಇದೇ. ಆದರೂ ಚಪ್ಪಲಿಯೊಳಗೆ ಕಲ್ಲು ಸೇರಿದವಳ ಹಾಗೆ ಅವಳಿಗೆ ನೆಟ್ಟಗೆ ನಡೆಯಲಾಗಲಿಲ್ಲ. ಸೋಮವಾರ ಚಿಕ್ಕಪ್ಪ ಡಿಸ್ಕ್ ಹಿಡಿದುಕೊಂಡು ಹೋಗಿ ಅದನ್ನು ಮಾರಿದ ಅಂಗಡಿಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರಂತೆ. ಅಂಗಡಿಯವನು ಏನು ತಪ್ಪು ಮಾಡಿದ್ದ?

ಅಂಗಡಿಯಲ್ಲಿ ಅಮ್ಮ ಒಂದು ಟೀವಿಯ ಬೆನ್ನು ಬಿಚ್ಚಿ ಕೂತಿದ್ದರು. ಮಿಡತೆ ಪಕ್ಕದ ಸ್ಟೂಲಿನ ಮೇಲೆ ಕೂತು, ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತಾ, ತಲೆ ಎತ್ತದೆ ಎಲ್ಲ ಹೇಳಿದಳು. ಅಮ್ಮ ಕೆಲಸ ನಿಲ್ಲಿಸಿದರು.

"ಗೊತ್ತಿಲ್ಲದೆ ಒತ್ತಿದ್ಯಾ?"

"ಇಲ್ಲ. ಗೊತ್ತಿತ್ತು."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಮಿಡತೆಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕನ್ಸೋಲ್ ಕಂಪನಿಗೆ ಫೋನ್ ಮಾಡಿದರು. ಒಮ್ಮೆ ಸೇರಿಸಿದ್ದನ್ನು ಬಿಡಿಸಲು ಬರುವುದಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಸಲೂನ್ ಅಂಕಲ್ ಬೆಳಿಗ್ಗೆಯೇ ಬಂದು ಕನ್ಸೋಲ್ ಒಯ್ದಿದ್ದರು. ಆಟ ಈಗ ಸಲೂನ್‌ನಲ್ಲಿತ್ತು, ಡಿಸ್ಕ್ ಗುಂಗುರು ಮನೆಯಲ್ಲಿತ್ತು.

ಅಮ್ಮ ಕೈ ಒರೆಸಿಕೊಂಡು, "ನಡಿ. ನಾನು ಜೊತೆಗೆ ಬರ್ತೀನಿ. ಮಾತು ಮಾತ್ರ ನೀನೇ ಆಡಬೇಕು," ಎಂದರು.

ಗುಂಗುರು ಮನೆಯಲ್ಲಿ ಬಲೂನುಗಳು ಇನ್ನೂ ಗೋಡೆಯ ಮೇಲಿದ್ದವು. ಮಿಡತೆ ಚಿಕ್ಕಪ್ಪನ ಎದುರು ನಿಂತು, ನಿಮ್ಮ ತಪ್ಪಿಲ್ಲ, ಅಂಗಡಿಯವರ ತಪ್ಪೂ ಇಲ್ಲ, ಡಿಸ್ಕ್ ಹಾಕಿದ್ದು ನಾನು ಎಂದಳು. ಚಿಕ್ಕಪ್ಪ ಒಮ್ಮೆ ಉಸಿರು ಬಿಟ್ಟು ಸೋಫಾದಲ್ಲಿ ಕೂತರು. ಗುಂಗುರು ಅವಳನ್ನು ನೋಡುತ್ತಲೇ ಇದ್ದಳು.

"ನಿಂಗೆ ಆಡಬೇಕಿದ್ರೆ ನನ್ನ ಕೇಳಬಹುದಿತ್ತಲ್ವಾ? ಮೊದಲ್ನೇ ಚಾನ್ಸ್ ನಿಂಗೇ ಕೊಡ್ತಿದ್ದೆ," ಎಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ಮಿಡತೆ ಅಮ್ಮನ ಜೊತೆ ಹೋಗಿ ವಿಷಯ ಹೇಳಿದಾಗ ಸಲೂನ್ ಅಂಕಲ್ ಕತ್ತರಿ ಕೆಳಗಿಟ್ಟು ನಕ್ಕರು. ಅದರಲ್ಲಿ ಹಾಡು, ಮ್ಯಾಚು ಬಿಟ್ಟರೆ ಬೇರೇನನ್ನೂ ಅವರು ಹಾಕಿರಲೇ ಇಲ್ಲ. ಆಟವೂ ಬರುತ್ತದೆ ಎಂಬುದೇ ಅವರಿಗೆ ಸುದ್ದಿ. ಮಂಗಳವಾರ ಸಲೂನ್‌ಗೆ ರಜ, ಸ್ಕೂಲು ಬಿಟ್ಟ ಮೇಲೆ ಆ ಹುಡುಗಿ ಬಂದು ಎಷ್ಟು ಬೇಕೋ ಅಷ್ಟು ಆಡಲಿ ಎಂದರು. ಆಮೇಲೆ ಮಿಡತೆಯ ಕಡೆ ತಿರುಗಿದರು.

"ಹೌದು ಒತ್ತಿದ ಮೇಡಂ ಬಂದು ನೆಲದ ಕೂದಲು ಗುಡಿಸಲಿ. ಇಲ್ಲಾಂದ್ರೆ ನನ್ನ ಫ್ಯಾನ್ ಮತ್ತೆ ನಿಲ್ಲುತ್ತೆ."

ಸೋಮವಾರ ಕ್ಲಾಸಿನಲ್ಲಿ ಮಿಡತೆ, ಡಿಸ್ಕ್ ಹಾಕಿದ್ದು ನಾನು ಎಂಬ ಮಾತನ್ನು ಎಲ್ಲರ ಮುಂದೆ ಹೇಳಿದಳು. ವಕೀಲ ಯಾವ ಕಡೆಯಿಂದಲೂ ವಾದ ಮಾಡದೆ ತನ್ನ ಬೆಂಚಿಗೆ ಹೋಗಿ ಕೂತ. ಅವತ್ತು ಊಟದ ಬಿಡುವಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಅದನ್ನು ಅವಳು ಮೊದಲೇ ಎಣಿಸಿದ್ದಳು. ಆದರೂ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಮಂಗಳವಾರ ಗುಂಗುರು ಬರುತ್ತಾಳೋ ಇಲ್ಲವೋ ಎಂದು ಮಿಡತೆ ಪೊರಕೆ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ಗುಂಗುರು ಬಂದಳು. ಚಿಕ್ಕಪ್ಪ ಅವಳನ್ನು ಬಾಗಿಲವರೆಗೆ ಬಿಟ್ಟು, ಅಂಕಲ್ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂತರು. ಗುಂಗುರು ಮಿಡತೆಯನ್ನು ನೋಡಿದರೂ ನೋಡದವಳಂತೆ ಹೋಗಿ, ತಿರುಗುವ ದೊಡ್ಡ ಕುರ್ಚಿ ಹತ್ತಿ ಕೂತು, ತಂದಿದ್ದ ಡಿಸ್ಕ್ ಹಾಕಿಸಿಕೊಂಡು ಆಟ ಶುರು ಮಾಡಿದಳು. ನೀಲಿ ಬೆಳಕು ಸಲೂನ್‌ನ ಎಲ್ಲ ಕನ್ನಡಿಗಳಲ್ಲೂ ಹರಿಯಿತು.

ಮಿಡತೆ ಗುಡಿಸಿದಳು. ಕುರ್ಚಿಯ ಕೆಳಗೆ, ಬೆಂಚಿನ ಹಿಂದೆ, ಮೂಲೆಯಲ್ಲಿ. ಗುಂಗುರು ಎರಡು ಸಲ ತಪ್ಪು ಬೀದಿಗೆ ಈಜಿದಳು. ಮಿಡತೆಯ ನಾಲಿಗೆ ತುದಿಗೆ ದಾರಿ ಬಂದಿತ್ತು. ನುಂಗಿಕೊಂಡಳು.

ಕೊನೆಗೆ ಪರದೆಯ ಮೇಲೆ ಪಾಚಿ ಕಟ್ಟಿದ ಒಂದು ದೊಡ್ಡ ಬಾಗಿಲು ಬಂತು. ಗುಂಗುರು ಕೈ ನಿಲ್ಲಿಸಿದಳು. ತಿರುಗಿ ನೋಡದೆಯೇ ಕೇಳಿದಳು.

"ಇದರ ಹಿಂದೆ ಏನಿದೆ? ನಿಂಗೆ ಗೊತ್ತಲ್ಲ."

ಮಿಡತೆಗೆ ಗೊತ್ತಿತ್ತು. ಬಾಗಿಲ ಹಿಂದೆ ಒಂದು ರೈಲು ನಿಲ್ದಾಣ. ಮುಳುಗಿದ ಪ್ಲಾಟ್‌ಫಾರ್ಮಿನ ಮೇಲೆ, ರೈಲಿನಷ್ಟೇ ಉದ್ದಕ್ಕೆ, ಒಂದು ತಿಮಿಂಗಿಲ ಮಲಗಿರುತ್ತದೆ. ಹತ್ತಿರ ಹೋದರೆ ಕಣ್ಣು ತೆರೆಯುತ್ತದೆ.

"ಗೊತ್ತು. ಹೇಳಲ್ಲ," ಎಂದಳು. "ನೀನೇ ತೆಗಿ."

ಗುಂಗುರು ಬಾಗಿಲು ತೆರೆದಳು. ಮಿಡತೆ ಪರದೆಯ ಕಡೆ ನೋಡಲಿಲ್ಲ. ಎದುರಿನ ಕನ್ನಡಿಯಲ್ಲಿ ಗುಂಗುರು ಮುಖವನ್ನು ನೋಡಿದಳು. ಮೊದಲು ಹುಬ್ಬು ಮೇಲೇರಿತು, ಆಮೇಲೆ ಬಾಯಿ ಮೆಲ್ಲಗೆ ತೆರೆಯಿತು, ಆಮೇಲೆ ಎರಡು ಕಣ್ಣುಗಳಲ್ಲೂ ನೀಲಿ ತುಂಬಿತು.

ಶುಕ್ರವಾರ ಮಿಡತೆಗೂ ಹೀಗೇ ಆಗಿತ್ತು. ತಿಮಿಂಗಿಲ ಕಣ್ಣು ತೆರೆದಾಗ, ನೋಡೇ ಇಲ್ಲಿ ಎನ್ನಲು ಅವಳು ತಟ್ಟನೆ ಪಕ್ಕಕ್ಕೆ ತಿರುಗಿದ್ದಳು. ಅಂಗಡಿ ಖಾಲಿಯಾಗಿತ್ತು.

"ನೋಡೇ ಇಲ್ಲಿ," ಎಂದಳು ಗುಂಗುರು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. ಯಾರಿಗೆ ಎಂದು ಹೇಳಲಿಲ್ಲ. ಸಲೂನ್‌ನಲ್ಲಿ ಇದ್ದದ್ದು ಅವರಿಬ್ಬರೇ.

ಮಿಡತೆ ಪೊರಕೆಯನ್ನು ಗೋಡೆಗೆ ಒರಗಿಸಿ, ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು.