ಹದಿನೇಳನೆಯ ಪ್ರಶ್ನೆ

"ಫೋನು ಕಿಟಕಿಯಿಂದ ಹೊರಗೆ ಹಿಡೀರಿ ಸಾರ್... ಇನ್ನೂ ಸ್ವಲ್ಪ ಹೊರಗೆ... ಹಾಂ! ಈಗ ಯಾರೂ ಮಾತಾಡ್ಬೇಡಿ."

ಶಶಿಕಲಾ ಕಣ್ಣು ಮುಚ್ಚಿಕೊಂಡು ಆಲಿಸಿದಳು. ದೂರದ ಯಾವುದೋ ಕಡಲತೀರದಲ್ಲಿ ಒಬ್ಬ ಲಾಡ್ಜ್ ಮಾಲೀಕ ಅವಳ ಮಾತಿಗೆ ಕಟ್ಟುಬಿದ್ದು ಕೈ ಚಾಚಿ ನಿಂತಿದ್ದ.

"ಸಮುದ್ರದ ಪಕ್ಕಾನೇ ಅಂದ್ರಲ್ಲ ಸಾರ್? ನಂಗೆ ಲಾರಿ ಹಾರ್ನು ಕೇಳಿಸ್ತೈತೆ. ನಾನು ಹೊಸೂರಿನವ್ಳು, ಹೈವೇ ಸದ್ದು ನಂಗೆ ಹೇಳಿಕೊಡ್ಬೇಡಿ!"

ಫೋನಿಟ್ಟು ಕಣ್ಣು ತೆರೆದರೆ ಎದುರಿಗೊಬ್ಬ ನಿಂತಿದ್ದ. ಫ್ಯಾಕ್ಟರಿಯ ನೀಲಿ ಸಮವಸ್ತ್ರ, ಕತ್ತಿನಲ್ಲಿ ಗುರುತಿನ ಚೀಟಿ, ನಗು ತಡೆಯಲು ಕಚ್ಚಿಕೊಂಡ ತುಟಿ.

"ನಗೋ ಅಂಥದ್ದು ಏನೈತೆ ಇದ್ರಲ್ಲಿ?"

"ಏನಿಲ್ಲ ಮೇಡಮ್... ತೆಂಗಿನಕಾಯಿ ತಟ್ಟಿ ನೋಡೋರನ್ನ ನೋಡಿದೀನಿ. ಸಮುದ್ರಾನ ತಟ್ಟಿ ನೋಡೋರನ್ನ ಇದೇ ಮೊದ್ಲು. ನೀವು ಎಷ್ಟು ಸಲ ಹೋಗಿದೀರ ಸಮುದ್ರಕ್ಕೆ?"

ಬೇರೆ ಏನು ಕೇಳಿದ್ದರೂ ಅವಳು ಸಹಿಸುತ್ತಿದ್ದಳು. ಈ ಮಾತು ಮಾತ್ರ ಮುಳ್ಳಿನಂತೆ ಚುಚ್ಚಿತು.

"ಒಂದ್ಸಲಾನೂ ಇಲ್ಲ."

"ನೋಡ್ದೇನೇ ಬೇರೆಯೋರಿಗೆ ಜಾಗ ಹೇಳ್ತೀರಾ?"

"ಫೋಟೋ ನೋಡಿ ಮೋಸ ಹೋಗೋರು ಬೇಕಾದಷ್ಟು ಜನ ಅವ್ರೆ. ನನ್ನ ಕಿವಿ ಮೋಸ ಹೋಗಲ್ಲ. ಕುಂತ್ಕೊಳ್ಳೋದಾದ್ರೆ ಕುಂತ್ಕೊಳ್ಳಿ, ಇಲ್ಲಾಂದ್ರೆ ಹೊರಡಿ!"

ಅವನು ಕುಳಿತುಕೊಂಡ. ಸಿಟ್ಟು ಮಾಡಿಕೊಂಡ ಹುಡುಗಿಯ ಎದುರು ಇಷ್ಟು ಸಮಾಧಾನವಾಗಿ ಕುಳಿತುಕೊಳ್ಳುವ ಗಂಡಸು ಅಪರೂಪ ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಹೊಸೂರಿಗೆ ಅಂಟಿದ ಮೂಕಂಡಪಲ್ಲಿಯ ಟೈರು ಅಂಗಡಿಯ ಮಹಡಿ ಮೇಲೆ ರಾಮಮೂರ್ತಿಯವರ ಟ್ರಾವೆಲ್ಸ್ ಆಫೀಸು. ರಾಮಮೂರ್ತಿ ಬಸ್ಸುಗಳ ಹಿಂದೆ ಓಡಾಡುತ್ತಿದ್ದರು, ಆಫೀಸು ಶಶಿಕಲಾಳದ್ದೇ. ಗದ್ದಲವಿಲ್ಲದ ಕಡಲತೀರದಲ್ಲಿ, ಮನೆಯಂಥ ನಾಲ್ಕು ಕೋಣೆಯ ಜಾಗ ಹುಡುಕುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಮಾಲೀಕರಿಗೆಂದೇ ಹದಿನಾರು ಪ್ರಶ್ನೆಗಳಿದ್ದವು. ಜನರೇಟರ್ ಎಷ್ಟು ದೂರ? ಬಾವಿ ನೀರು ಉಪ್ಪೋ ಸಿಹಿಯೋ? ಹೆಂಗಸರೊಬ್ಬರೇ ಬಂದರೆ ಬಾಗಿಲ ಚಿಲಕ ಗಟ್ಟಿಯಿದೆಯಾ? ಹದಿನಾರೂ ಮುಗಿದ ಮೇಲೆ ಫೋನು ಹೊರಗೆ ಹಿಡಿಯಲು ಹೇಳುತ್ತಿದ್ದಳು.

ಬಂದವನ ಹೆಸರು ಯುವರಾಜ್. ಅಂಚೆಟ್ಟಿ ದಾಟಿ ಕಾಡಂಚಿನಲ್ಲಿರುವ ನಾಟ್ರಾಂಪಾಳ್ಯದವನು.

"ಐದು ದಿನ. ಇಬ್ರು. ಡೈವಿಂಗ್ ಕಲಿಸೋ ಜಾಗಕ್ಕೆ ನಡ್ಕೊಂಡು ಹೋಗೋ ಅಷ್ಟು ಹತ್ರ ಇರ್ಬೇಕು. ಕುಡ್ದು ಕುಣಿಯೋರು ಇರಬಾರ್ದು."

ಇನ್ನೊಬ್ಬ ಫ್ಯಾಕ್ಟರಿ ಗೆಳೆಯನಿರಬೇಕು ಎಂದುಕೊಂಡಳು.

"ನಿಮ್ಗೆ ಯಾಕೆ ಡೈವಿಂಗು? ಈಜು ಬರ್ತದಾ?"

"ನಮ್ಮೂರ ಸುತ್ತಮುತ್ತ ಬಾವಿಗೆ ಮೋಟರ್ ಬಿದ್ರೆ ನನ್ನೇ ಕರೀತಾರೆ. ಮುಳುಗಿ ಹಗ್ಗ ಕಟ್ಟಿ ಬತ್ತೀನಿ." ಅವನು ತನ್ನ ಅಂಗೈ ನೋಡಿಕೊಂಡ. "ಬಾವಿ ತಳ ಎಲ್ಲಾ ಕಡೆ ಒಂದೇ ಮೇಡಮ್. ಕತ್ಲು, ಕೆಸ್ರು. ಬೆಳಕಿರೋ ತಳ ಒಂದ್ಸಲ ನೋಡ್ಬೇಕು ಅಂತ ಆಸೆ."

ಶಶಿಕಲಾಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ!

ಅಂದಿನಿಂದ ಅವನು ಮೊದಲ ಶಿಫ್ಟು ಮುಗಿಸಿ ದಿನವೂ ಬಂದ. ಇಬ್ಬರೂ ಫೋನನ್ನು ಮೇಜಿನ ಮೇಲಿಟ್ಟು ಅದರತ್ತ ಬಾಗಿ ಕೂರುತ್ತಿದ್ದರು. ಒಂದು ಕಡೆ ಪಾರ್ಟಿಯ ಡ್ರಮ್ಮು ಬಡಿಯಿತು. ಇನ್ನೊಂದು ಕಡೆ ಅಲೆ ಚೆನ್ನಾಗಿಯೇ ಕೇಳಿತು, ಆದರೆ ಯುವರಾಜ್ ತಲೆಯಾಡಿಸಿದ.

"ಇದು ಅಲೆ ಅಲ್ಲ. ಬಕೆಟ್ಟಲ್ಲಿ ನೀರು ಕಲಕ್ತಾವ್ನೆ ಆ ವಯ್ಯ!"

ಅಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹತ್ತನೆಯ ದಿನ ಅಂಡಮಾನಿನ ಒಂದು ಪುಟ್ಟ ದ್ವೀಪದ ಫೋನು ಸಿಕ್ಕಿತು. ಅಲ್ಲಿಗೆ ಹೋಗಿ ನೆಲೆಸಿದ ತೆಲುಗು ಹೆಂಗಸು ಕೊಂಡಮ್ಮ, ತೆಂಗಿನ ತೋಟದೊಳಗೆ ನಾಲ್ಕು ಕೋಣೆ. ಹೊಸೂರಿನ ಹುಡುಗಿಗೆ ತೆಲುಗೇನು ಹೊಸದೇ? ಹದಿನಾರು ಪ್ರಶ್ನೆ ತೆಲುಗಿನಲ್ಲೇ ಮುಗಿದವು. ಕೊಂಡಮ್ಮ ಫೋನು ಹೊರಗೆ ಹಿಡಿದಳು.

ಒಂದು ಅಲೆ ಬಂತು. ಮರಳ ಮೇಲೆ ಎಳೆದಂತೆ ಹಿಂದೆ ಹೋಯಿತು. ಆಮೇಲೆ ಮೌನ... ಎಲ್ಲೋ ಕೋಳಿ ಕೂಗಿತು. ಯಾರೋ ಕಾಯಿ ತುರಿಯುತ್ತಿದ್ದರು. ಮತ್ತೆ ಅಲೆ.

"ಇದೇ!" ಇಬ್ಬರೂ ಒಟ್ಟಿಗೇ ಅಂದರು.

ಮೇಜಿನ ಮೇಲೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಬಂದಾಗಲೇ ಎಚ್ಚರವಾದದ್ದು.

'ಇವನು ಇವತ್ತು ಏನಾದರೂ ಹೇಳುತ್ತಾನೆ,' ಎಂದುಕೊಂಡಳು ಶಶಿಕಲಾ.

ಹೇಳಿದ. ಅವಳು ಕಾಯುತ್ತಿದ್ದ ಮಾತನ್ನಲ್ಲ.

"ಆಧಾರ್ ಕಾಪಿ ತಂದಿದೀನಿ, ಇಬ್ರದ್ದೂ."

ಎರಡನೆಯ ಕಾರ್ಡಿನಲ್ಲಿ ಒಂದು ಹುಡುಗಿಯ ಮುಖ. ರಾಧಾಮಣಿ. ಇಪ್ಪತ್ತೊಂದು ವರ್ಷ.

"ಇವ್ರು...?"

"ನಮ್ಮಕ್ಕನ ಮಗಳು." ಅವನ ಮುಖ ಅರಳಿತು. "ಅವಳಿಗೋಸ್ಕರಾನೇ ಇಷ್ಟೆಲ್ಲಾ ಒದ್ದಾಟ. ನಮ್ಮೂರ ಬಸ್ಸು ಬಂತು, ಹೊರಡ್ತೀನಿ. ಮಿಕ್ಕಿದ್ದೆಲ್ಲ ನಿಮ್ಗೇ ಬಿಟ್ಟಿದೀನಿ."

ಬೇರೆ ಊರಿನವರಾಗಿದ್ದರೆ ಅಕ್ಕನ ಮಗಳೆಂದರೆ ಮಗಳ ಸಮಾನ ಎಂದುಕೊಂಡು ಸುಮ್ಮನಾಗುತ್ತಿದ್ದರೇನೋ. ಇವಳು ಈ ಸೀಮೆಯವಳು. ಇಲ್ಲಿ ಅಕ್ಕನ ಮಗಳು ಹುಟ್ಟಿದ ದಿನವೇ ತೊಟ್ಟಿಲ ಬಳಿ ನಿಂತ ಸೋದರಮಾವನನ್ನು ನೋಡಿ, "ನಿನ್ನ ಹೆಂಡ್ತಿ ಬಂದ್ಲು ನೋಡ್ಲಾ" ಎಂದು ರೇಗಿಸುತ್ತಾರೆ. ಶಶಿಕಲಾಳ ಅವ್ವ ನಾರಾಯಣಮ್ಮ ಮದುವೆಯಾದದ್ದೂ ತನ್ನ ಸ್ವಂತ ಸೋದರಮಾವನನ್ನೇ!

ಕಂಡವರಿಗೆಲ್ಲ ಹದಿನಾರು ಪ್ರಶ್ನೆ ಹಾಕುವ ಹುಡುಗಿ, ಯುವರಾಜನಿಗೆ ಒಂದೇ ಒಂದು ಪ್ರಶ್ನೆ ಹಾಕಲಿಲ್ಲ. ಎಷ್ಟು ಕೋಣೆ ಎಂದು ಕೂಡ ಕೇಳಲಿಲ್ಲ. ಅಭಿಮಾನ ಅಡ್ಡ ಬಂತು.

ಕಣ್ಣೊರೆಸಿಕೊಂಡು ಕೊಂಡಮ್ಮನಿಗೆ ಫೋನು ಮಾಡಿದಳು. "ಒಂದೇ ಕೋಣೆ ಅಕ್ಕ. ಹೊಸ ಜೋಡಿ. ಹೂವಿಂದ ಸಿಂಗಾರ ಮಾಡಿ, ಹೆಸರು ಬರೆಸಿ. ನನ್ನ ಉಡುಗೊರೆ ಅನ್ನಿ."

ಅಂದು ಸಂಜೆ ಅಪ್ಪ ಚಿನ್ನಸ್ವಾಮಿ ಮತ್ತೆ ಆ ಮಾತೆತ್ತಿದರು. ಕೃಷ್ಣಗಿರಿಯ ಮಾವಿನ ಮಂಡಿಯವರ ಮನೆಯ ಹುಡುಗ, ಒಳ್ಳೆಯ ಸಂಬಂಧ.

"ಏನಮ್ಮ, ಈ ಭಾನ್ವಾರ ಬಿಟ್ಟು ಮುಂದಿನ ಭಾನ್ವಾರ ಬರೋಕೆ ಹೇಳ್ಲಾ?"

"ನಿಮ್ಮಿಷ್ಟ ಅಪ್ಪ."

ನಿಮ್ಮಿಷ್ಟ ಎನ್ನುವ ಹೆಣ್ಣುಮಕ್ಕಳ ಧ್ವನಿಯನ್ನು ಅಪ್ಪಂದಿರು ಯಾವ ಕಾಲಕ್ಕೆ ಸರಿಯಾಗಿ ಆಲಿಸುತ್ತಾರೋ!

*

ಅವರಿಬ್ಬರೂ ಹಡಗು ಹತ್ತಿ ಹೋದರು. ಮುಂದಿನ ವಾರದ ಬುಧವಾರ ಮಧ್ಯಾಹ್ನ ಆಫೀಸಿನ ಫೋನು ಬಡಿದುಕೊಂಡಿತು.

"ಹಲೋ, ಟ್ರಾವೆಲ್ಸ್ ಅಕ್ಕಾನಾ? ನಾನು ರಾಧಾಮಣಿ. ಏನಕ್ಕಾ ಇದು! ಮಂಚದ ತುಂಬಾ ದಾಸವಾಳ, ನಡುವೆ ನಂದೂ ಮಾಮಂದೂ ಹೆಸ್ರು!"

"ಇಷ್ಟ ಆಯ್ತಾ...?" ಶಶಿಕಲಾ ಕೇಳಿದಳು.

"ಇಷ್ಟಾನಾ? ನಾನು ಮೀನುಗಾರಿಕೆ ಕಾಲೇಜಲ್ಲಿ ಓದ್ತಾ ಇದೀನಿ. ಡೈವಿಂಗ್ ಕೋರ್ಸಿಗೆ ಬಂದಿರೋದು ನಾನು! ಒಬ್ಳನ್ನೇ ಕಳ್ಸಲ್ಲ ಅಂದ್ರು, ಅದಕ್ಕೆ ಮಾಮ ರಜ ಹಾಕಿ ಜೊತೇಲಿ ಬಂತು. ತಾನೂ ಒಂದ್ಸಲ ಮುಳುಗಿ ನೋಡ್ಬೋದು ಅಂತ."

ಶಶಿಕಲಾ ಮೇಜಿನ ಡ್ರಾಯರಿನಿಂದ ಆ ಆಧಾರ್ ಕಾಪಿಯನ್ನು ಹೊರಗೆಳೆದಳು.

"ನಮ್ಮಜ್ಜಿ ಎರಡು ವರ್ಷ ಹಟ ಹಿಡಿದಿದ್ಲು, ನಮ್ಮಿಬ್ರಿಗೂ ಮದ್ವೆ ಮಾಡ್ಬೇಕು ಅಂತ. 'ನಾನು ಎತ್ತಿ ಆಡ್ಸಿದ ಮಗು ಅದು, ಓದ್ಲಿ ಬಿಡಿ' ಅಂತ ಮಾಮಾನೇ ಊರ ಮುಂದೆ ನಿಂತ್ಕೊಂಡು ಹೇಳ್ತು. ಅದಕ್ಕೆ ಎಷ್ಟು ಮಾತು ಕೇಳ್ತು ಗೊತ್ತಾ? ಈಗ ಇಲ್ಲೂ ಅದೇ ಕಥೆ! ಬಾಗಿಲು ತೆಗೆದು ನೋಡಿದ್ದೇ ತಡ, ಮಾಮ ಹೋಗಿ ಮರಳ ಮೇಲೆ ಕುಂತ್ಬುಟ್ಟೈತೆ. ಕೊಂಡಮ್ಮತ್ತೆ ನಂಗೆ ಇನ್ನೊಂದು ರೂಮು ಕೊಟ್ರು ಬಿಡಿ. ಆದ್ರೂ ಅಕ್ಕ... ಹಡಗಲ್ಲಿ ಬರ್ತಾ ದಾರಿ ಉದ್ದಕ್ಕೂ ನಿಮ್ದೇ ಮಾತು ಆಡ್ತಿತ್ತು ಮಾಮ. ಅಯ್ಯೋ, ಇದನ್ನ ಹೇಳ್ಬಾರ್ದಿತ್ತು!"

ಫೋನು ಕಟ್ಟಾಯಿತು.

ಶಶಿಕಲಾ ಯುವರಾಜನಿಗೆ ಒಂದಲ್ಲ, ಆರು ಸಲ ಫೋನು ಮಾಡಿದಳು. ಎತ್ತಲಿಲ್ಲ. ಸಂಜೆಗೆ ಒಂದು ಮೆಸೇಜು ಬಂತು.

'ಊರೋರು ಅಂದ್ಕೊಂಡ್ರೆ ನಂಗೆ ಬೇಜಾರಿಲ್ಲ. ಹತ್ತು ದಿನ ಪಕ್ಕದಲ್ಲಿ ಕುಂತಿದ್ರಿ, ನೀವೂ ಅದೇ ಅಂದ್ಕೊಂಡ್ರಲ್ಲ. ಒಂದು ಮಾತು ಕೇಳ್ಬೋದಿತ್ತು.'

ಕೇಳಬಹುದಿತ್ತು... ಹೌದು, ಕೇಳಬಹುದಿತ್ತು! ಆ ಒಂದು ಮಾತು ನೆನೆದು ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೃಷ್ಣಗಿರಿಯವರು ಬರುವವರಿದ್ದರು. ನಾರಾಯಣಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು. ಶಶಿಕಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅವ್ವ, ಅವ್ರನ್ನ ಬರಬ್ಯಾಡಿ ಅಂತ ಹೇಳ್ಸು."

ಸೌಟು ನಿಂತಿತು. "ಯಾಕಮ್ಮಣ್ಣಿ?"

"ನನ್ನ ಮನಸ್ಸಲ್ಲಿ ಒಬ್ರು ಅವ್ರೆ."

"ಆ ಹುಡ್ಗ ಒಪ್ಪವ್ನಾ?"

"ಇನ್ನೂ ಕೇಳಿಲ್ಲ."

"ಕೇಳ್ದೇನೇ ಮನೆಗೆ ಬರೋ ಸಂಬಂಧ ಬ್ಯಾಡ ಅಂತೀಯಾ?"

"ಅವ್ರು ಒಲ್ಲೆ ಅಂದ್ರೂ ಅಷ್ಟೇ ಅವ್ವ. ಒಬ್ಬರನ್ನ ಮನಸ್ಸಲ್ಲಿ ಇಟ್ಕೊಂಡು ಇನ್ನೊಬ್ಬರ ಮುಂದೆ ಕಾಫಿ ತಟ್ಟೆ ಹಿಡಿಯೋಕೆ ನನ್ನ ಕೈಲಾಗಲ್ಲ."

ನಾರಾಯಣಮ್ಮ ಮಗಳ ಮುಖ ನೋಡಿದರು. ತನಗೆ ಹದಿನೇಳು ವರ್ಷವಿದ್ದಾಗ ಯಾರೂ ಏನೂ ಕೇಳಿರಲಿಲ್ಲ ಎನ್ನುವುದು ಅವರಿಗೆ ನೆನಪಾಯಿತೇನೋ. ಒಲೆ ಆರಿಸಿದರು.

"ನಿಮ್ಮಪ್ಪಂಗೆ ನಾನು ಹೇಳ್ಕೊತೀನಿ. ಬೈತಾರೆ, ಬೈಸ್ಕೊಳ್ಳಾಣ. ನೀನು ಹೋಗಿ ಕೇಳು ಮೊದ್ಲು."

ಶಶಿಕಲಾ ಮಾಳಿಗೆ ಹತ್ತಿದಳು. ಅವನು ತನ್ನ ಫೋನು ಎತ್ತುವುದಿಲ್ಲ ಎಂದು ಗೊತ್ತಿತ್ತು. ಕೊಂಡಮ್ಮನಿಗೆ ಮಾಡಿದಳು.

"ಅಕ್ಕ, ಯುವರಾಜ್ ಎಲ್ಲವ್ರೆ?"

"ಎಲ್ಲಿರ್ತಾನೆ ಅಮ್ಮಾಯಿ, ನೀರಿಂದ ಬಂದ್ರೆ ಅಲ್ಲೇ ಮರಳ ಮೇಲೆ."

"ಫೋನು ತಗೊಂಡು ಹೋಗಿ ಅವರ ಕೈಗೆ ಕೊಡಿ. ನಾನು ಅಂತ ಹೇಳ್ಬೇಡಿ."

ಕಣ್ಣು ಮುಚ್ಚಿದಳು. ತೆಂಗಿನ ಗರಿ ತುಳಿದ ಸದ್ದು. ಕೋಳಿಗಳನ್ನು ಓಡಿಸಿದ ಸದ್ದು. ಆಮೇಲೆ ಮೆತ್ತನೆಯ ಹೆಜ್ಜೆ, ಮರಳು. ಅಲೆ ಹತ್ತಿರವಾಯಿತು, ಇನ್ನೂ ಹತ್ತಿರ...

"ಹಲೋ?"

ಅದೇ ಧ್ವನಿ!

"ನಾನು. ಇಡಬೇಡಿ, ದಯವಿಟ್ಟು. ತಪ್ಪು ನಂದೇ. ಒಂದು ಪ್ರಶ್ನೆ ಕೇಳೋದು ಬಾಕಿ ಉಳಿದಿತ್ತು."

"ಹದಿನಾರೂ ಕೇಳಿದ್ರಲ್ಲ." ಧ್ವನಿಯಲ್ಲಿ ಇನ್ನೂ ಬಿಗುವಿತ್ತು.

"ಇದು ಹದಿನೇಳ್ನೇದು. ಇದುನ್ನ ಯಾರಿಗೂ ಕೇಳಿಲ್ಲ ನಾನು." ಉಸಿರು ಎಳೆದುಕೊಂಡಳು. "ನಿಮ್ಮ ಮನಸ್ಸಲ್ಲಿ ಯಾರಾದ್ರೂ ಅವ್ರಾ?"

ಒಂದು ಅಲೆ ಬಂದು ಹೋಯಿತು. ಇನ್ನೊಂದು. ಮೂರನೆಯದು. ಸಾವಿರ ಸಲ ಕೇಳಿದ ಸದ್ದೇ, ಆದರೆ ಇಷ್ಟು ಭಯದಿಂದ ಅವಳು ಎಂದೂ ಆಲಿಸಿರಲಿಲ್ಲ.

"ಅವ್ರೆ," ಎಂದ.

"ಯಾರು?"

"ಸಮುದ್ರ ನೋಡ್ದೇನೇ ಸಮುದ್ರ ಗೊತ್ತಿರೋರು ಒಬ್ರು. ಮೂಕಂಡಪಲ್ಲೀಲಿ ಟೈರಂಗಡಿ ಮೇಲೆ ಕುಂತಿರ್ತಾರೆ. ಬೇಗ ಸಿಟ್ಟು ಬತ್ತದೆ ಅವ್ರಿಗೆ."

ಶಶಿಕಲಾ ಅಳುತ್ತಲೇ ನಕ್ಕಳು.

"ಕೃಷ್ಣಗಿರಿಯಿಂದ ನನ್ನ ನೋಡೋಕೆ ಬರೋರಿದ್ರು ಇವತ್ತು. ಬ್ಯಾಡ ಅಂತ ಹೇಳಿಸ್ಬುಟ್ಟೆ."

"ನನ್ನ ಕೇಳೋಕೆ ಮುಂಚೇನಾ?"

"ಮುಂಚೇನೇ."

ಆಚೆಯಿಂದ ದೀರ್ಘವಾದ ಉಸಿರು ಕೇಳಿಸಿತು. ಮತ್ತೆ ಮಾತಾಡಿದಾಗ ಅವನ ಧ್ವನಿಯ ಬಿಗುವು ಕರಗಿತ್ತು.

"ನಿನ್ನೆ ನೀರಡಿಗೆ ಹೋಗಿದ್ದೆ ಶಶಿಕಲಾ. ತಳದಲ್ಲಿ ಬೆಳಕಿತ್ತು. ನಿಮ್ಮ ಮೇಲೆ ಅಷ್ಟು ಕೋಪ ಇತ್ತು, ಆದ್ರೂ ಮೇಲೆ ಬಂದ ತಕ್ಷಣ ನಿಮ್ಗೇ ಹೇಳ್ಬೇಕು ಅನ್ನಿಸ್ತು."

"ಹೆಂಗಿತ್ತು?"

"ಹೇಳಲ್ಲ. ಬಂದು ನೋಡಿ."

"ನಂಗೆ ಈಜು ಬರಲ್ಲ."

"ನಮ್ಮೂರ ಬಾವಿ ಐತಲ್ಲ. ರಾಧಾಮಣಿಗೂ ಅಲ್ಲೇ ಕಲಿಸಿದ್ದು. ಮೊದ್ಲು ನಿಮ್ಮನೆಗೆ ಬತ್ತೀನಿ, ನಮ್ಮವ್ವನ್ನ ಕರ್ಕೊಂಡು. ನೀವು ಕೊಂಡಮ್ಮಕ್ಕನ ರೂಮು ಬುಕ್ ಮಾಡಿ ಇಡಿ, ಇಬ್ರಿಗೆ."

"ಎಷ್ಟು ರೂಮು?" ಶಶಿಕಲಾ ಕಣ್ಣೊರೆಸಿಕೊಂಡು ಬಿಗುವಾಗಿ ಕೇಳಿದಳು. "ಈ ಸಲ ಕೇಳ್ದೇ ಬುಕ್ ಮಾಡಲ್ಲ ನಾನು!"

"ಒಂದು," ಅವನು ನಕ್ಕ. "ಮದ್ವೆ ಆದ್ಮೇಲೆ."

"ದಾಸವಾಳ?"

"ಇರ್ಲಿ. ಹೆಸ್ರು ಮಾತ್ರ ಸರಿಯಾಗಿ ಬರ್ಸಿ."